ಹಳೇ ಗೇಮು, ಹೊಸ ಡಬ್ಬಿ: ಕೊಪ್ಪಳದಲ್ಲಿ ಕೂತು ಪ್ರಿ-ಆರ್ಡರ್ ಮಾಡೋದು ಹೇಗೆ

"ಅಣ್ಣಾರ, ನಿಮ್ದೊಂದು ಪಾರ್ಸಲ್ ಐತ್ರಿ, ಅಶೋಕ ಸರ್ಕಲ್‌ಗೆ ಬರ್ತೀರೇನು?" ಅಂತ ಕೊರಿಯರ್ ಹುಡುಗ ಫೋನ್ ಮಾಡಿದಾಗ ನಾನು ಊಟಕ್ಕೆ ಕೂತಿದ್ದೆ. ಅರ್ಧಕ್ಕೇ ಕೈ ತೊಳೆದು ಬೈಕ್ ಹತ್ತಿದೆ. ನಾಲ್ಕು ತಿಂಗಳಿಂದ ಕಾಯುತ್ತಿದ್ದ ಡಬ್ಬಿ ಅದು, ಹಳೇ ವಿಡಿಯೋ ಗೇಮ್ ಒಂದನ್ನು ಹೊಸದಾಗಿ ಬಿಟ್ಟದ್ದು. ಬಿಡುಗಡೆಗೆ ಮುಂಚೆಯೇ ಬುಕ್ ಮಾಡಿದ್ದೆ, ಪ್ರಿ-ಆರ್ಡರ್ ಅಂದರೆ ಅದೇ. ಮನೆಗೆ ತಂದು ಬ್ಲೇಡ್ ಹಾಕಿ ಟೇಪ್ ಸೀಳಿದೆ. ಗೇಮ್ ಇತ್ತು, ಸೀಲ್ ಕೂಡ ಸರಿ ಇತ್ತು, ಆದರೆ ಪ್ರಿ-ಆರ್ಡರ್ ಮಾಡಿದವರಿಗೆ ಕೊಡುತ್ತೇವೆ ಅಂದಿದ್ದ ಲೋಹದ ಪಿನ್ ಮಾತ್ರ ಇಲ್ಲ. ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದೆ. ಗಾಳಿ ತುಂಬಿದ ಎರಡು ಪ್ಲಾಸ್ಟಿಕ್ ಚೀಲ ಬಿದ್ದವು, ಅಷ್ಟೇ. ಅಂಗಡಿಯವರಿಗೆ ಮೆಸೇಜ್ ಹಾಕಿದರೆ "ಸ್ಟಾಕ್ ಇರೋವರೆಗೆ ಮಾತ್ರ ಸರ್, ಪೇಜಲ್ಲೇ ಬರೆದಿತ್ತಲ್ಲ" ಅಂದರು. ಹೋಗಿ ನೋಡಿದರೆ ಪೇಜ್ ಬದಲಾಗಿತ್ತು. ಮೊದಲು ಏನಿತ್ತು ಅಂತ ತೋರಿಸಲು ನನ್ನ ಹತ್ತಿರ ಒಂದು ಸ್ಕ್ರೀನ್‌ಶಾಟ್ ಕೂಡ ಇರಲಿಲ್ಲ. ಅವ್ವ ಬೇರೆ, ಪಿನ್ ಅಂದರೆ ಸೀರೆಗೆ ಹಾಕುವ ಪಿನ್ ಅಂದುಕೊಂಡು, "ನನ್ನ ಹತ್ರ ಒಂದು ಡಬ್ಬಿ ಅದಾವು, ತಗೋ" ಅಂದಳು.

ಕೈಯಲ್ಲಿ ಹಿಡಿದು ಆಡುವ ಮಷೀನ್‌ಗಳಿಗೆ (ಹ್ಯಾಂಡ್‌ಹೆಲ್ಡ್) ಬರುವ ಹಳೇ ಆಟಗಳ ರೀಮೇಕ್‌ಗಳನ್ನು ಬುಕ್ ಮಾಡುವ ಬಗ್ಗೆ ಅದಾದ ಮೇಲೆ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಊರಿನವರಿಗೆ ಇದರಲ್ಲಿ ಅರ್ಧ ಬೇಕಾಗಲಿಕ್ಕಿಲ್ಲ, ಅವರು ಅಂಗಡಿಗೇ ಹೋಗಿ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿ ತರುತ್ತಾರೆ. ಕೊಪ್ಪಳ, ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆ ನಮಗೆ ಫೋನ್‌ನಲ್ಲಿ ಕಾಣುವ ಫೋಟೋನೇ ಗತಿ.

ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಬೇಕಿರುವುದು ಆಟವಾ, ಅದರ ಜೊತೆ ಬರುವ ಸಾಮಾನಾ? ನಾಚಿಕೆ ಪಡಬೇಡಿ, ನನಗೆ ಎಷ್ಟೋ ಸಲ ಸಾಮಾನೇ ಬೇಕಿರುತ್ತದೆ. ಆದರೆ ಆಟವಷ್ಟೇ ಸಾಕು ಅನ್ನುವವರು ಪ್ರಿ-ಆರ್ಡರ್ ಗೋಜಿಗೇ ಹೋಗಬೇಡಿ. ಮೂವತ್ತು ವರ್ಷ ಹಳೇ ಆಟ ಅದು, ನೀವು ಇನ್ನೆರಡು ತಿಂಗಳು ತಡೆದರೆ ಎಲ್ಲಿಗೂ ಓಡಿಹೋಗುವುದಿಲ್ಲ. ಅವಸರ ಹುಟ್ಟಿಸುವುದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಜಪಾನಿನ ಗೇಮ್ ಕಂಪನಿ ನಿಂಟೆಂಡೊ 2020ರ ಸೆಪ್ಟೆಂಬರ್ 18ಕ್ಕೆ ಸೂಪರ್ ಮಾರಿಯೋ 3ಡಿ ಆಲ್-ಸ್ಟಾರ್ಸ್ ಅಂತ ಮೂರು ಹಳೇ ಮಾರಿಯೋ ಆಟಗಳ ಕಟ್ಟು ಬಿಟ್ಟು, 2021ರ ಮಾರ್ಚ್ 31ಕ್ಕೆ ಮಾರಾಟ ಬಂದ್ ಅಂತ ಮೊದಲೇ ಹೇಳಿತ್ತು. ಜನ ಮುಗಿಬಿದ್ದರು. ಆ ದಿನ ಡೌನ್‌ಲೋಡ್ ನಿಂತಿದ್ದು ನಿಜ, ಆದರೆ ಅಂಗಡಿಗಳಲ್ಲಿ ಉಳಿದಿದ್ದ ಕಾರ್ಟ್ರಿಜ್‌ಗಳು, ಅಂದರೆ ಮಷೀನ್‌ಗೆ ಸಿಕ್ಕಿಸುವ ಆಟದ ಬಿಲ್ಲೆಗಳು, ಆಮೇಲೂ ಸಿಗುತ್ತಿದ್ದವು.

ಇನ್ನು ರೀಮೇಕ್ ಅನ್ನುವ ಪದ. ಹಳೇ ಆಟಕ್ಕೆ ಹೊಸ ಡಬ್ಬಿ ಹಾಕಿದ ತಕ್ಷಣ ರೀಮೇಕ್ ಆಗುವುದಿಲ್ಲ. ಜೆಲ್ಡಾ ಸರಣಿಯ ಲಿಂಕ್ಸ್ ಅವೇಕನಿಂಗ್ ನೋಡಿ. 1993ರಲ್ಲಿ ನಿಂಟೆಂಡೊದ ಹಳೇ ಕೈ ಮಷೀನ್ ಗೇಮ್ ಬಾಯ್‌ನ ಆ ಪಾಚಿ ಬಣ್ಣದ ಪರದೆ ಮೇಲೆ ಬಂತು, 1998ರಲ್ಲಿ ಅದಕ್ಕೇ ಬಣ್ಣ ಹಚ್ಚಿದರು, 2019ರ ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿಯ ಹೊಸ ಕಾಲದ ಮಷೀನ್ ಸ್ವಿಚ್‌ಗೆ ಬಂದಾಗ ಬುಡದಿಂದ ಹೊಸದಾಗಿ ಕಟ್ಟಿದ್ದರು, ಮೇಜಿನ ಮೇಲೆ ಜೋಡಿಸಿಟ್ಟ ಆಟಿಕೆ ಊರಿನ ಹಾಗೆ. ಅದು ರೀಮೇಕ್. ಫೈನಲ್ ಫ್ಯಾಂಟಸಿ ಪಿಕ್ಸೆಲ್ ರೀಮಾಸ್ಟರ್‌ಗಳು ನಡುವಿನ ದಾರಿ ಹಿಡಿದವು, ಚಿತ್ರ ಮತ್ತು ಸಂಗೀತ ಹೊಸದು, ಆಟದ ಎಲುಬು ಹಳೇದೇ. 2019ರ ಕಾಂಟ್ರಾ ಆನಿವರ್ಸರಿ ಕಲೆಕ್ಷನ್‌ನಲ್ಲಿ ಹಳೇ ಆಟಗಳನ್ನೇ ಇದ್ದ ಹಾಗೆ ಒಟ್ಟುಗೂಡಿಸಿದ್ದಾರೆ. ನಾವು ಬೇಸಿಗೆ ರಜೆಯಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಅದೇ ಕಾಂಟ್ರಾ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿದರೆ 30 ಲೈಫ್. ಕೈ ಇನ್ನೂ ಮರೆತಿಲ್ಲ ನೋಡಿ. ಮೂರೂ ಒಳ್ಳೆಯವೇ, ಆದರೆ ಮೂರಕ್ಕೂ ಒಂದೇ ರೇಟ್ ಕೊಡಬೇಡಿ. ಸ್ವಿಚ್ ಆನ್‌ಲೈನ್ ಚಂದಾ ಇರುವವರು ರೀಮೇಕ್‌ಗೆ ರೊಕ್ಕ ಹಾಕುವ ಮೊದಲು ಮೂಲ ಆಟ ಅಲ್ಲಿದೆಯಾ ಅಂತ ಹುಡುಕಿ. 2023ರ ಫೆಬ್ರವರಿಯಿಂದ ಗೇಮ್ ಬಾಯ್ ಆಟಗಳೂ ಅದರಲ್ಲಿವೆ, ಬಣ್ಣದ ಲಿಂಕ್ಸ್ ಅವೇಕನಿಂಗ್ ಕೂಡ. ಒಂದು ತಾಸು ಆಡಿ ಬೇಜಾರಾದರೆ ದುಡ್ಡು ಉಳಿಯಿತು.

ಯಾವ ಮಷೀನ್ ಮೇಲೆ ಆಡುತ್ತೀರಿ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಎಲ್ಲಕ್ಕಿಂತ ಅಗ್ಗದ್ದು ನಿಮ್ಮ ಫೋನು. ಫೈನಲ್ ಫ್ಯಾಂಟಸಿಯ ಆ ಪಿಕ್ಸೆಲ್ ರೀಮಾಸ್ಟರ್‌ಗಳು ಆಂಡ್ರಾಯ್ಡ್‌ಗೂ ಐಫೋನ್‌ಗೂ ಇವೆ, ಒಂದು ಬ್ಲೂಟೂತ್ ಕಂಟ್ರೋಲರ್ ಸಾಕು. ಆದರೆ ಡಬ್ಬಿ ಇಲ್ಲ, ಬೋನಸ್ ಇಲ್ಲ. ಸ್ವಿಚ್ 2017ರದ್ದು, ಅದರ ಲೈಟ್ ಮಾಡೆಲ್ 2019ರದ್ದು, ಲೈಟ್ ಅನ್ನು ಟಿವಿಗೆ ಹಾಕಲು ಬರುವುದಿಲ್ಲ. ಸ್ವಿಚ್ 2 ಬಂದಿದ್ದು 2025ರ ಜೂನ್ 5ಕ್ಕೆ. ಸ್ವಿಚ್‌ನ ಹೆಚ್ಚಿನ ಆಟಗಳು ಸ್ವಿಚ್ 2ರಲ್ಲಿ ನಡೆಯುತ್ತವೆ, ಆದರೆ ಸ್ವಿಚ್ 2ರ ಆಟದ ಕಾರ್ಡ್ ಹಳೇ ಸ್ವಿಚ್‌ನಲ್ಲಿ ನಡೆಯುವುದಿಲ್ಲ, ಇದನ್ನು ನೋಡದೇ ಬುಕ್ ಮಾಡಿದವರು ಇದ್ದಾರೆ. ನಿಂಟೆಂಡೊ ಈ ಮಷೀನ್‌ಗಳನ್ನು ನಮ್ಮ ದೇಶದಲ್ಲಿ ತಾನೇ ಮಾರುವುದಿಲ್ಲ, ಸಿಗುವುದೆಲ್ಲ ಹೊರಗಿಂದ ತರಿಸಿದ್ದು, ಹಾಗಾಗಿ ವಾರಂಟಿ ಅಂದರೆ ಅಂಗಡಿಯವನ ಮಾತು ಅಷ್ಟೇ. ಬಿಲ್ ಮೇಲೆ ಬರೆಸಿಕೊಳ್ಳಿ. ಕಂಪ್ಯೂಟರ್ ಆಟ ಆಡಿಸುವ ಕೈ ಮಷೀನ್ ಸ್ಟೀಮ್ ಡೆಕ್ ಕತೆಯೂ ಇದೇ. ಅದರ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಮಾತ್ರ ಒಂದು ಸುಖ ಇದೆ, ರೂಪಾಯಿಯಲ್ಲೇ ಕೊಳ್ಳಬಹುದು, ಪ್ರಿ-ಆರ್ಡರ್ ಮಾಡಿದ್ದನ್ನು ಬಿಡುಗಡೆಗೆ ಮುಂಚೆ ಯಾವಾಗ ಬೇಕಾದರೂ ವಾಪಸ್ ಮಾಡಬಹುದು. ಬಿಡುಗಡೆಯಾದ ಮೇಲೂ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಬರುತ್ತದೆ.

ಈಗ ಡಬ್ಬಿ ಒಳಗಿನ ವಿಷಯ. ಡಬ್ಬಿ ಇದೆ ಅಂದ ಮಾತ್ರಕ್ಕೆ ಅದರೊಳಗೆ ಆಟ ಇದೆ ಅಂತ ಅಲ್ಲ. ಸ್ವಿಚ್ 2ರಲ್ಲಿ ಗೇಮ್-ಕೀ ಕಾರ್ಡ್ ಅಂತ ಒಂದು ಬಂದಿದೆ. ಕಾರ್ಡ್ ಇರುತ್ತದೆ, ಆದರೆ ಅದು ಬರೀ ಕೀಲಿ, ಆಟವನ್ನು ಇಂಟರ್ನೆಟ್‌ನಿಂದ ಪೂರ್ತಿ ಇಳಿಸಿಕೊಳ್ಳಬೇಕು, ಆಮೇಲೆ ಆಡುವಾಗಲೆಲ್ಲ ಕಾರ್ಡ್ ಸಿಕ್ಕಿಸಿರಲೇಬೇಕು. ಡಬ್ಬಿಯ ಮುಂಭಾಗದಲ್ಲಿ ಕೆಳಗೆ ಅದನ್ನು ಬರೆದಿರುತ್ತಾರೆ, ಫೋಟೋ ದೊಡ್ಡದು ಮಾಡಿ ನೋಡಿ. ಇನ್ನು ಕೆಲವು ಡಬ್ಬಿಗಳಲ್ಲಿ ಕಾರ್ಡೂ ಇಲ್ಲ, ಒಂದು ಕಾಗದದ ಮೇಲೆ ಕೋಡ್ ಇರುತ್ತದೆ. ಕೀ ಕಾರ್ಡನ್ನು ನಾಳೆ ಬೇರೆಯವರಿಗೆ ಮಾರಬಹುದು, ಒಮ್ಮೆ ಬಳಸಿದ ಕೋಡನ್ನು ಯಾರೂ ಕೊಳ್ಳುವುದಿಲ್ಲ. ಇಳಿಸಿಕೊಳ್ಳಲು ಜಾಗವೂ ಬೇಕಲ್ವಾ? ಸ್ವಿಚ್ 2ರಲ್ಲಿ ಆಟ ಇಡಲು ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು, ಮೊಬೈಲ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಮೆಮೊರಿ ಕಾರ್ಡ್ ಆಗುವುದಿಲ್ಲ.

ಸರಿ, ಬೋನಸ್‌ಗೆ ಬರೋಣ. ಫ್ರೀ ಸಾಮಾನಿನ ಹುಚ್ಚು ನನಗೆ ಗವಿಮಠದ ಜಾತ್ರೆಯಲ್ಲೇ ಹತ್ತಿದ್ದು. ಅಪ್ಪ ಕೊಡಿಸಿದ ಬ್ರಿಕ್ ಗೇಮ್ ಮೇಲೆ 9999 ಇನ್ 1 ಅಂತ ಬರೆದಿತ್ತು. ಒಳಗೆ ಇದ್ದದ್ದು ಹತ್ತೋ ಹನ್ನೆರಡೋ ಆಟ, ಆದರೆ ನನಗೆ ಖುಷಿ ಆಗಿದ್ದು ಅದರ ಜೊತೆ ಕೊಟ್ಟ ಹಸಿರು ದಾರಕ್ಕೆ. ಆ ಬ್ರಿಕ್ ಗೇಮ್ ಟೆಟ್ರಿಸ್‌ನ ನಕಲು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ ಮಾಡಿದ ಆಟ ಅದು. 1989ರಲ್ಲಿ ಅಮೆರಿಕದಲ್ಲಿ ಗೇಮ್ ಬಾಯ್ ಮಾರುವಾಗ ನಿಂಟೆಂಡೊ ಅದನ್ನು ಡಬ್ಬಿಯಲ್ಲೇ ಇಟ್ಟು ಕೊಟ್ಟಿತು. ಜಪಾನಿನ ಡಬ್ಬಿಯಲ್ಲಿ ಇರಲಿಲ್ಲ. ಒಂದೇ ಮಷೀನು, ಒಂದು ದೇಶಕ್ಕೆ ಒಂದು ಸಾಮಾನು. ಈ ರೂಢಿ ಇನ್ನೂ ಹೋಗಿಲ್ಲ.

ಲಿಂಕ್ಸ್ ಅವೇಕನಿಂಗ್ ರೀಮೇಕನ್ನೇ ಮತ್ತೆ ತೆಗೆದುಕೊಳ್ಳಿ. ಯೂರೋಪಿನ ಲಿಮಿಟೆಡ್ ಎಡಿಷನ್‌ನಲ್ಲಿ ಚಿತ್ರಗಳ ಪುಸ್ತಕದ ಜೊತೆ ಹಳೇ ಗೇಮ್ ಬಾಯ್ ಥರ ಕಾಣುವ ತಗಡಿನ ಕೇಸ್ ಇತ್ತು, ಸ್ಟೀಲ್‌ಬುಕ್ ಅನ್ನುತ್ತಾರಲ್ಲ ಅದು. ಅಮೆರಿಕದ ಡ್ರೀಮರ್ ಎಡಿಷನ್‌ನಲ್ಲಿ ಪುಸ್ತಕ ಮಾತ್ರ. ನಮ್ಮ ಅಂಗಡಿಯವರು ಒಮ್ಮೆ ದುಬೈ ಕಡೆಯಿಂದ ತರಿಸುತ್ತಾರೆ, ಒಮ್ಮೆ ಅಮೆರಿಕದ್ದು ತರಿಸುತ್ತಾರೆ, ಪೇಜ್‌ನಲ್ಲಿ ಹಾಕಿರುವ ಫೋಟೋ ಮಾತ್ರ ಗೂಗಲ್‌ನಲ್ಲಿ ಮೊದಲು ಸಿಕ್ಕಿದ್ದು. ಆದ್ದರಿಂದ ಫೋಟೋ ನಂಬಬೇಡಿ, ಯಾವ ದೇಶದ ಡಬ್ಬಿ ಅಂತ ಕೇಳಿ.

ಇನ್ನೊಂದು ಮುಖ್ಯ ವಿಷಯ. ಕಲೆಕ್ಟರ್ಸ್ ಎಡಿಷನ್ ಬೇರೆ, ಪ್ರಿ-ಆರ್ಡರ್ ಬೋನಸ್ ಬೇರೆ. ಕಲೆಕ್ಟರ್ಸ್ ಎಡಿಷನ್ ಅಂದರೆ ಸಾಮಾನ್ಯವಾಗಿ ಸಾಮಾನೆಲ್ಲ ಫ್ಯಾಕ್ಟರಿಯಲ್ಲೇ ಒಂದೇ ದೊಡ್ಡ ಡಬ್ಬಿಗೆ ಹೋಗಿ, ಮೇಲೆ ಪ್ಲಾಸ್ಟಿಕ್ ಸೀಲ್ ಬಿದ್ದಿರುತ್ತದೆ. ಪ್ರಿ-ಆರ್ಡರ್ ಬೋನಸ್ ಅಂದರೆ ಪಿನ್ನೋ, ಕೀಚೈನೋ, ಪೋಸ್ಟರೋ, ನಿಲ್ಲಿಸಿಡುವ ಅಕ್ರಿಲಿಕ್ ಗೊಂಬೆಯೋ, ಅದು ಬೇರೆ ಕವರ್‌ನಲ್ಲಿ ಬಿಡಿಯಾಗಿ ಅಂಗಡಿಗೆ ಬರುತ್ತದೆ, ಅಂಗಡಿಯವನು ಕೈಯಾರೆ ಜೋಡಿಸಬೇಕು. ಬಿಡಿ ಸಾಮಾನು ನಾಲ್ಕು ಕೈ ದಾಟಿ ಕೊಪ್ಪಳ ಮುಟ್ಟುವುದರೊಳಗೆ ಎಲ್ಲಾದರೂ ಉದುರುತ್ತದೆ. ನನ್ನ ಪಿನ್ ಉದುರಿದ್ದೂ ಹಾಗೇ. ಈಗ ನನ್ನ ಲೆಕ್ಕ ಸುಲಭ, ಸಾಮಾನು ಸೀಲ್ ಒಳಗಿದ್ದರೆ ದುಡ್ಡು ಕೊಡುತ್ತೇನೆ, ಸೀಲ್ ಹೊರಗಿದ್ದರೆ ಅದು ಬರುವುದೇ ಇಲ್ಲ ಅಂದುಕೊಂಡು ರೇಟ್ ನೋಡುತ್ತೇನೆ. ಬಂದರೆ ಲಾಭ.

ಎಲ್ಲ ಬೋನಸ್ಸೂ ಸುಮ್ನೆ ಪ್ಲಾಸ್ಟಿಕ್ ಅಂತ ಹೇಳುತ್ತಿಲ್ಲ. ಟಿವಿಗೆ ಹಾಕುವ ಮಷೀನ್‌ಗಳ ಕಾಲದಲ್ಲಿ, 1998ರಲ್ಲಿ, ಅಮೆರಿಕದಲ್ಲಿ ಜೆಲ್ಡಾ ಆಕರಿನಾ ಆಫ್ ಟೈಮ್ ಮುಂಗಡ ಬುಕ್ ಮಾಡಿದವರಿಗೆ ಬಂಗಾರದ ಬಣ್ಣದ ಕಾರ್ಟ್ರಿಜ್ ಸಿಕ್ಕಿತ್ತು. 2003ರಲ್ಲಿ ವಿಂಡ್ ವೇಕರ್ ಬುಕ್ ಮಾಡಿದವರಿಗೆ ಕೊಟ್ಟ ಡಿಸ್ಕ್‌ನಲ್ಲಿ ಅದೇ ಆಕರಿನಾ ಪೂರ್ತಿ ಇತ್ತು, ಜೊತೆಗೆ ಅದರದ್ದೇ ಇನ್ನೂ ಕಠಿಣವಾದ ಒಂದು ರೂಪ. ಕೈಯಲ್ಲಿ ಹಿಡಿಯುವ ಮಷೀನ್‌ಗಳ ರೀಮೇಕ್‌ಗಳಲ್ಲಿ ನನಗೆ ಇಷ್ಟವಾದದ್ದು ಪೋಕೆಮಾನ್ ಹಾರ್ಟ್‌ಗೋಲ್ಡ್, ಸೋಲ್‌ಸಿಲ್ವರ್ ಜೊತೆ ಬಂದ ಪೋಕೆವಾಕರ್. 1999ರ ಆಟವನ್ನು 2009ರಲ್ಲಿ ಜಪಾನಿನಲ್ಲಿ ನಿಂಟೆಂಡೊದ ಕೈ ಮಷೀನ್ ಡಿಎಸ್‌ಗೆ ಹೊಸದು ಮಾಡಿ ಬಿಟ್ಟರು, ಮುಂದಿನ ವರ್ಷ ಉಳಿದ ದೇಶಗಳಿಗೆ. ಡಬ್ಬಿಯಲ್ಲೇ ಒಂದು ಪುಟ್ಟ ದುಂಡನೆ ಹೆಜ್ಜೆ ಎಣಿಸುವ ಯಂತ್ರ ಇತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದರೆ ಒಳಗಿರುವ ಪೋಕೆಮಾನ್ ಬೆಳೆಯುತ್ತದೆ. ಅದಕ್ಕೆ ಬೇಕಾದದ್ದು ಸಿಆರ್2032 ಸೆಲ್, ಜವಾಹರ ರಸ್ತೆಯ ವಾಚ್ ರಿಪೇರಿ ಅಂಗಡಿಯಲ್ಲೇ ಸಿಕ್ಕಿತು. ಈ ಆಟವನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ವಾಕರ್ ಜೊತೆಗಿದೆಯಾ ಅಂತ ಕೇಳದೇ ರೇಟ್ ಮಾತಾಡಬೇಡಿ.

ಕೋಡ್ ರೂಪದ ಬೋನಸ್ ಅಂದರೆ, ಆಟದೊಳಗೆ ಒಂದು ಅಂಗಿ, ಒಂದು ಕತ್ತಿ, ಇಂಥದ್ದು. ಅದಕ್ಕಾಗಿ ಒಂದು ರೂಪಾಯಿ ಜಾಸ್ತಿ ಕೊಡುವುದೂ ದಂಡ ಅಂತ ನನ್ನ ಅಭಿಪ್ರಾಯ. ಕೊಡುವುದಾದರೆ ಇದು ನೆನಪಿರಲಿ, ಸ್ವಿಚ್‌ನ ಕಾರ್ಟ್ರಿಜ್ ಯಾವ ದೇಶದ್ದಾದರೂ ಸಾಮಾನ್ಯವಾಗಿ ಯಾವ ಸ್ವಿಚ್‌ನಲ್ಲೂ ನಡೆಯುತ್ತದೆ, ಆದರೆ ಕೋಡ್ ಆಯಾ ದೇಶದ ಅಕೌಂಟ್‌ಗೆ ಮಾತ್ರ. ಅಕೌಂಟ್ ಅಮೆರಿಕದ್ದು, ಕಾರ್ಟ್ರಿಜ್ ಯೂರೋಪಿನದ್ದು ಅಂದರೆ ಕೋಡ್ ಒಳಗೆ ಹೋಗುವುದಿಲ್ಲ, ಆಮೇಲೆ ಕೊಳ್ಳುವ ಡಿಎಲ್‌ಸಿ, ಅಂದರೆ ಆಟದ ಹೆಚ್ಚುವರಿ ಭಾಗ, ಕೂಡ ಕೈ ಕೊಡಬಹುದು. ನಿಂಟೆಂಡೊದ ಹಳೇ ಕೈ ಮಷೀನ್ 3ಡಿಎಸ್ ಇದಕ್ಕಿಂತ ಕಟ್ಟುನಿಟ್ಟು, ಅದರಲ್ಲಿ ಬೇರೆ ದೇಶದ ಕಾರ್ಟ್ರಿಜ್ಜೇ ನಡೆಯುವುದಿಲ್ಲ.

ಬುಕ್ ಮಾಡುವ ಮುಂಚೆ ನಾನು ಅಂಗಡಿಗೆ ವಾಟ್ಸಾಪ್‌ನಲ್ಲಿ ಕಳಿಸುವ ಮೆಸೇಜ್ ಇದು, ಬೇಕಿದ್ದರೆ ಕಾಪಿ ಮಾಡಿಕೊಳ್ಳಿ: "ಸರ್, ಇದು ಯಾವ ದೇಶದ ಡಬ್ಬಿ? ಬೋನಸ್ ಸೀಲ್ ಒಳಗಿದೆಯಾ, ಬೇರೆ ಬರುತ್ತಾ? ಬೋನಸ್ ಸಿಗದಿದ್ದರೆ ಎಷ್ಟು ದುಡ್ಡು ವಾಪಸ್? ಬಿಡುಗಡೆ ಮುಂದೆ ಹೋದರೆ ಕ್ಯಾನ್ಸಲ್ ಮಾಡಬಹುದಾ? ಕೊಪ್ಪಳ 583231ಕ್ಕೆ ಯಾವ ಕೊರಿಯರ್?" ಐದೂ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವ ಅಂಗಡಿಗಳಿವೆ. "ಡೋಂಟ್ ವರಿ ಬ್ರೋ" ಅಂತ ಒಂದೇ ಸಾಲು ಬಂದರೆ ನಾನು ಅಲ್ಲಿಗೇ ಬಿಡುತ್ತೇನೆ. ಉತ್ತರ ಬಂದ ಮೇಲೆ ಪೇಜಿನ ಸ್ಕ್ರೀನ್‌ಶಾಟ್ ತೆಗೆಯಿರಿ, ತಾರೀಕು ಕಾಣುವ ಹಾಗೆ. ಬೋನಸ್ ಬಗ್ಗೆ ಬರೆದ ಸಣ್ಣ ಅಕ್ಷರಗಳನ್ನೂ ಸೇರಿಸಿ.

ಕ್ಯಾನ್ಸಲ್ ಪ್ರಶ್ನೆ ಯಾಕೆ ಅಂದರೆ, ತಾರೀಕು ಮುಂದೆ ಹೋಗುವುದು ಈ ಲೋಕದಲ್ಲಿ ಮಾಮೂಲಿ. ಗೇಮ್ ಬಾಯ್ ಅಡ್ವಾನ್ಸ್‌ನ ಎರಡು ಯುದ್ಧದ ಆಟಗಳ ರೀಮೇಕ್ ಅಡ್ವಾನ್ಸ್ ವಾರ್ಸ್ 1+2, 2021ರ ಡಿಸೆಂಬರ್‌ಗೆ ಬರಬೇಕಿತ್ತು. 2022ರ ಏಪ್ರಿಲ್‌ಗೆ ಹೋಯಿತು. ಅಷ್ಟರಲ್ಲಿ ಉಕ್ರೇನ್‌ನಲ್ಲಿ ನಿಜವಾದ ಯುದ್ಧವೇ ಶುರುವಾಗಿ, ಮತ್ತೆ ಮುಂದೂಡಿದರು. ಕೊನೆಗೆ ಬಂದಿದ್ದು 2023ರ ಏಪ್ರಿಲ್ 21ಕ್ಕೆ. ಪೂರ್ತಿ ದುಡ್ಡು ಮೊದಲೇ ಕಟ್ಟಿದ್ದವನ ರೊಕ್ಕ ಅಷ್ಟು ದಿನ ಬೇರೆಯವರ ಹತ್ತಿರ. ಹಾಗಾಗಿ ಸ್ವಲ್ಪ ಮುಂಗಡ ಕೊಟ್ಟು, ಉಳಿದದ್ದು ಮಾಲು ಬಂದ ಮೇಲೆ ಅನ್ನುವ ಅಂಗಡಿ ಸಿಕ್ಕರೆ ಅದೇ ಒಳ್ಳೆಯದು. ಲಿಮಿಟೆಡ್ ರನ್ ಥರದ ಹೊರದೇಶದ ಕಂಪನಿಗಳು ಬೇರೆ ರೀತಿ, ಕೆಲವು ವಾರ ಮಾತ್ರ ಬುಕಿಂಗ್ ತೆರೆದು, ಬಂದ ಆರ್ಡರ್ ಎಣಿಸಿ, ಆಮೇಲೆ ಡಬ್ಬಿ ಮಾಡಿಸಲು ಕೊಡುತ್ತವೆ. ಕೈಗೆ ಸಿಗಲು ಎಷ್ಟೋ ತಿಂಗಳು ಹಿಡಿಯುತ್ತದೆ. ಬುಕ್ ಮಾಡಿ ಮರೆತುಬಿಡುವ ಸ್ವಭಾವದವರಿಗೆ ಮಾತ್ರ ಅದು.

ಹೊರಗಿಂದ ನೀವೇ ತರಿಸುವುದಾದರೆ ಬ್ಯಾಂಕ್ ಕಾರ್ಡ್ ಮೊದಲು ಸರಿ ಮಾಡಿಕೊಳ್ಳಿ. 2020ರ ರಿಸರ್ವ್ ಬ್ಯಾಂಕ್ ನಿಯಮದಿಂದ ಹೊಸ ಕಾರ್ಡ್‌ಗಳಲ್ಲಿ ಅಂತರರಾಷ್ಟ್ರೀಯ ಪಾವತಿ ಆಫ್ ಆಗೇ ಬರುತ್ತದೆ. ಬ್ಯಾಂಕ್ ಆಪ್‌ನಲ್ಲಿ ಆನ್ ಮಾಡಿ, ಮಿತಿ ಇಟ್ಟು, ಕೆಲಸ ಮುಗಿದ ಮೇಲೆ ಮತ್ತೆ ಆಫ್ ಮಾಡಿ. ಬುಕಿಂಗ್ ತೆರೆದು ಹತ್ತು ನಿಮಿಷದಲ್ಲಿ ಖಾಲಿ ಆಗುವ ಡಬ್ಬಿ ಎದುರಿಗಿದ್ದಾಗ ಈ ಬಟನ್ ಹುಡುಕುತ್ತಾ ಕೂರಬೇಡಿ. ಡಾಲರ್ ದರದ ಮೇಲೆ ಬ್ಯಾಂಕ್ ತನ್ನ ಕಮಿಷನ್ ಹಾಕುತ್ತದೆ. ಪಾರ್ಸಲ್ ಭಾರತ ಮುಟ್ಟಿದ ಮೇಲೆ ಕಸ್ಟಮ್ಸ್ ಸುಂಕ, ಅದೂ ಸಾಗಣೆ ಖರ್ಚು ಸೇರಿಸಿದ ಬೆಲೆಯ ಮೇಲೆ, ಅದರ ಮೇಲೆ ಕೊರಿಯರ್‌ನವರದ್ದೂ ಒಂದು ಚಾರ್ಜ್. ಗುರುತಿನ ದಾಖಲೆ ಕೇಳಿ ಲಿಂಕ್ ಕಳಿಸುತ್ತಾರೆ, ಅದು ಕೊರಿಯರ್‌ನ ನಿಜವಾದ ಸೈಟೇನಾ ಅಂತ ಟ್ರ್ಯಾಕಿಂಗ್ ನಂಬರ್ ಹಾಕಿ ನೋಡಿ, ಈ ಹೆಸರಲ್ಲಿ ಮೋಸ ಮಾಡುವವರು ಬೇಕಾದಷ್ಟಿದ್ದಾರೆ. "ಗಿಫ್ಟ್ ಅಂತ ಬರೆಸಿದರೆ ಸುಂಕ ಇಲ್ಲ" ಅನ್ನುವ ಹಳೇ ಉಪಾಯ 2019ರ ಡಿಸೆಂಬರ್‌ಗೇ ಮುಗಿಯಿತು. ಪೋಸ್ಟ್, ಕೊರಿಯರ್‌ನಲ್ಲಿ ಗಿಫ್ಟ್ ಹೆಸರಲ್ಲಿ ಬಿಡುವುದು ಜೀವ ಉಳಿಸುವ ಔಷಧಿ ಮತ್ತು ರಾಖಿ ಮಾತ್ರ. ಮಾರಿಯೋ ಕೀಚೈನನ್ನು ರಾಖಿ ಅನ್ನಲು ಆಗುತ್ತದಾ?

ಪಾರ್ಸಲ್ ಬಂದ ದಿನ ಅವಸರ ಬೇಡ. ಡಬ್ಬಿ ಮೇಲಿನ ವಿಳಾಸದ ಚೀಟಿ ಕಾಣುವ ಹಾಗೆ ವಿಡಿಯೋ ಶುರು ಮಾಡಿ, ಆರೂ ಬದಿ ತೋರಿಸಿ, ಆಮೇಲೆ ಬ್ಲೇಡ್ ಹಾಕಿ, ನಡುವೆ ಎಲ್ಲೂ ನಿಲ್ಲಿಸಬೇಡಿ. ನಾನು ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಇಡುತ್ತೇನೆ. ಬ್ಲೇಡನ್ನು ಆಳಕ್ಕೆ ಇಳಿಸಿದರೆ ಸೀಲ್‌ಗೇ ಗೀರು ಬೀಳುತ್ತದೆ, ಟೇಪಿನ ಅಂಚಿನಲ್ಲಿ ಮಾತ್ರ ಎಳೆಯಿರಿ. ಸಾಮಾನು ಕಮ್ಮಿ ಇದ್ದರೆ ಅದೇ ದಿನ ಅಂಗಡಿಗೆ ವಿಡಿಯೋ ಮತ್ತು ಆ ಸ್ಕ್ರೀನ್‌ಶಾಟ್ ಕಳಿಸಿ. ಒಂದು ವಾರ ಉತ್ತರವೇ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ನಂಬರ್ ತೆಗೆದುಕೊಳ್ಳಿ, ಆ ನಂಬರ್ ಅಂಗಡಿಗೆ ಕಳಿಸಿ. ಎರಡನೇ ಸಲ ನನಗೆ ಪೋಸ್ಟರ್ ಬಾರದೇ ಇದ್ದಾಗ ಹೀಗೇ ಮಾಡಿದೆ, 300 ರೂಪಾಯಿ ವಾಪಸ್ ಬಂತು.

ಇಟ್ಟುಕೊಳ್ಳುವುದು ಇನ್ನೊಂದು ಕೆಲಸ. ನಮ್ಮ ಬಿಸಿಲು ಗೊತ್ತಲ್ಲ. ಅಕ್ರಿಲಿಕ್ ಗೊಂಬೆ ಕಿಟಕಿ ಬದಿ ಇಟ್ಟರೆ ಬಣ್ಣ ಸುಟ್ಟು ಹೋಗುತ್ತದೆ, ಹ್ಯಾಂಡ್‌ಹೆಲ್ಡನ್ನು ಮಧ್ಯಾಹ್ನ ಕಾರಿನಲ್ಲಿ ಬಿಟ್ಟರೆ ಬ್ಯಾಟರಿ ಉಬ್ಬುವ ಅಪಾಯ ಇದೆ. ಕಾರ್ಖಾನೆಗಳಿರುವ ಗಿಣಿಗೇರಿ ಕಡೆಯಿಂದ ಗಾಳಿ ಬೀಸಿದ ದಿನ ಕಪಾಟಿನ ಮೇಲೆ ಕಪ್ಪು ಧೂಳು ಕೂರುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ತಗಡಿನ ಕೇಸ್ ಮೇಲೆ ಗೀರು. ಮೊದಲು ಮೆತ್ತನೆ ಬ್ರಷ್‌ನಲ್ಲಿ ಕೊಡವಿ, ಆಮೇಲೆ ಒಣ ಬಟ್ಟೆ. ಇದನ್ನು ನಾನು ಕಲಿತಿದ್ದು ಅವ್ವನಿಂದ. ನಮ್ಮ ಮನೆಯ ಕಿನ್ನಾಳದ ಗಣಪನನ್ನು ಆಕೆ ಹಾಗೇ ಒರೆಸುವುದು, ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು ಹಚ್ಚಿ ಬಣ್ಣ ಹಾಕಿದ ಗೊಂಬೆ, ನೀರು ತಾಗಿದರೆ ಕೆಟ್ಟಿತು. ಈಗ ಗಣಪನ ಕಪಾಟಿನಲ್ಲೇ ನನ್ನ ಡಬ್ಬಿಗಳಿಗೂ ಒಂದು ಅಂಕಣ ಸಿಕ್ಕಿದೆ, ಬಾಗಿಲಿಗೆ ಗಾಜು ಇದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಸ್ವಿಚ್ ಕಾರ್ಟ್ರಿಜ್ ಬಾಯಿಗೆ ಹಾಕುತ್ತಾರೆ ಅಂತ ಕಂಪನಿಯೇ ಅದಕ್ಕೆ ವಿಪರೀತ ಕಹಿ ಪದಾರ್ಥ ಬಳಿದಿರುತ್ತದೆ. ನಾನೂ ನಾಲಿಗೆ ತಾಗಿಸಿ ನೋಡಿದ್ದೇನೆ. ನೀವು ನೋಡಬೇಡಿ, ಎರಡು ಲೋಟ ಮಜ್ಜಿಗೆ ಕುಡಿದರೂ ಹೋಗಲಿಲ್ಲ.

ರೀಮೇಕ್ ಆಡಿ ಮುಗಿಸಿ, ಮೂಲ ಕಾರ್ಟ್ರಿಜ್ಜೂ ಬೇಕು ಅನ್ನಿಸುವ ದಿನ ಬಂದೇ ಬರುತ್ತದೆ. ಆಗ ನಕಲಿ ಬಗ್ಗೆ ಹುಷಾರು, ಪೋಕೆಮಾನ್‌ನಲ್ಲಂತೂ ಜಾಸ್ತಿ. ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಜ್ ಆದರೆ ಹಿಂದಿನ ಸ್ಕ್ರೂ ನೋಡಿ. ಅಸಲಿಯಲ್ಲಿ ಮೂರು ಸೀಳಿನ ಸ್ಕ್ರೂ ಇರುತ್ತದೆ, ನಾಲ್ಕು ಸೀಳಿನ ಮಾಮೂಲಿ ಸ್ಕ್ರೂ ಇದ್ದರೆ ಯಾರೋ ಬಿಚ್ಚಿದ್ದಾರೆ ಇಲ್ಲವೇ ಅದು ನಕಲಿ. ಮಷೀನ್‌ಗೆ ತಾಗುವ ಬಂಗಾರದ ಹಲ್ಲುಗಳ ಮೇಲೆ, ಸೀಳಿನೊಳಗೆ ಟಾರ್ಚ್ ಬಿಟ್ಟರೆ ಅಸಲಿಯ ಬೋರ್ಡ್ ಮೇಲೆ ನಿಂಟೆಂಡೊ ಅನ್ನುವ ಅಕ್ಷರ ಕಾಣುತ್ತದೆ. ಅದಕ್ಕೂ ಹಿಂದಿನ ಗೇಮ್ ಬಾಯ್ ಪೋಕೆಮಾನ್ ಆದರೆ ಒಳಗೆ ಸೇವ್ ಹಿಡಿದಿಡುವ ಒಂದು ಬಟನ್ ಸೆಲ್ ಇರುತ್ತದೆ, ಇಷ್ಟು ವರ್ಷಕ್ಕೆ ಅದು ಸತ್ತಿರಬಹುದು. ಮಾರುವವನಿಗೆ ಹೇಳಿ, ಆಟ ಶುರು ಮಾಡಿ ಸೇವ್ ಮಾಡು, ಮಷೀನ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಆನ್ ಮಾಡಿ ವಿಡಿಯೋ ಕಳಿಸು ಅಂತ. ಸೇವ್ ಹೋಗಿದ್ದರೆ ಸೆಲ್ ಬದಲಿಸುವ ಖರ್ಚು ಕಳೆದು ರೇಟ್ ಕೇಳಿ. ಆ ಸೆಲ್ಲನ್ನು ಬೋರ್ಡ್‌ಗೆ ಬೆಸೆದಿರುತ್ತಾರೆ, ಮೊಬೈಲ್ ರಿಪೇರಿ ಮಾಡುವವರು ಬದಲಿಸಿ ಕೊಡುತ್ತಾರೆ. ಹಳೇ ಸೇವ್ ಮಾತ್ರ ಅದರ ಜೊತೆಗೇ ಹೋಗುತ್ತದೆ.